೧೯೧೪ರ ಯೂರೋಪು ಮಹಾಯುದ್ಧದ ಕಾರಣಮೀಮಾಂಸೆ

೧. ವಿಷಯ ಪ್ರವೇಶ

ಕಾರ್ಯಕಾರಣಭಾವವನ್ನು ವಿಚಾರಿಸಿದ ಭಾರತೀಯ ದಾರ್ಶನಿಕರು ಉಪಾದಾನ, ನಿಮಿತ್ತ, ಸಹಕಾರಿ ಎಂದು ಕಾರಣಗಳನ್ನು ವಿಭಾಗಿಸಿರುವುದು ವಿದ್ವಜ್ಜನರಿಗೆ ವಿದಿತವಾದ ಸಂಗತಿಯೇ ಆಗಿದೆ. ಘಟಕ್ಕೆ ಮೃತ್ತಿಕೆಯು ಉಪಾದಾನ, ಕುಂಬಾರನು ನಿಮಿತ್ತ, ದಂಡಚಕ್ರಾದಿಗಳು ಸಹಕಾರಿಗಳು. ಮಣ್ಣೆಷ್ಟಿದ್ದರೂ ಅದು ತಾನಾಗಿ ಮಡಕೆಯಾಗದು. ಕುಂಬಾರನೆಷ್ಟು ನಿಪುಣನಾದರೂ ಮಣ್ಣಿಲ್ಲದೆ ಮಡಕೆಯನ್ನು ಮಾಡಲಾರನು. ಇವೆರಡೂ ಇದ್ದು ತಿಗುರಿಯು ತಿರುಗದಿದ್ದರೆ ಕಾರ್ಯಸಿದ್ಧಿಯಿಲ್ಲ. ಪಾಶ್ಚಾತ್ಯ ಇತಿಹಾಸಕಾರರಲ್ಲಿ ಅತಿ ಪ್ರಾಚೀನರಲ್ಲೊಬ್ಬನಾದ ಥ್ಯೂಸಿಡಿಡೀಸನು ಅಥೆನ್ಸ್-ಸ್ಪಾರ್ಟಗಳ ಯುದ್ಧವನ್ನು ವರ್ಣಿಸಲು ಹೊರಟಾಗ, ಉಭಯ ಪಕ್ಷದವರೂ ಬಹಿರಂಗವಾಗಿ ಹೇಳಿಕೊಂಡ ದೂರುಗಳು ಬೇರೆ, ಅಥೆನ್ಸಿನ ಬಲವೃದ್ಧಿಯಿಂದ ಸ್ಪಾರ್ಟದವರಿಗುಂಟಾದ ಭೀತಿಯೆಂಬ ನಿಜವಾದ ಕಾರಣವು ಬೇರೆ ಎಂದು ವಿಂಗಡಿಸಿದನು. ಯುದ್ಧಗಳ ಇತಿಹಾಸವನ್ನು ಬರೆಯುವವರು ದೂರಕಾರಣ, ಸಮೀಪಕಾರಣ ಎಂಬ ಎರಡು ತಲೆಬರಹಗಳಲ್ಲಿ ವಿಷಯವನ್ನು ಹಂಚುವುದು ಇಂದಿಗೂ ವಾಡಿಕೆಯಾಗಿದೆ.

೧೯೧೪ನೆಯ ಇಸವಿ ಜೂನ್ ೨೮ರಂದು ಬೋಸ್ನಿಯಾದ ಸರಾಯೆವೊ ಪಟ್ಟಣದಲ್ಲಿ ಆಸ್ಟ್ರಿಯಾ-ಹಂಗೆರಿಯ ಯುವರಾಜನಾದ ಫ್ರಾನ್ಸ್ ಫರ್ಡಿನಾಂಡನೂ ಅವನ ಪತ್ನಿಯಾದ ಸೋಫಿಯೂ ಗುಂಡಿಗೆ ಬಲಿಯಾದರು. ಮೂವತ್ತೇಳು ದಿನಗಳು ಕಳೆಯುವಷ್ಟರಲ್ಲಿ, ಎಂದರೆ ಆಗಸ್ಟ್ ೪ರ ವೇಳೆಗೆ, ಯೂರೋಪಿನ ಆರು ಮಹಾರಾಷ್ಟ್ರಗಳಲ್ಲಿ ಇಟಲಿಯೊಂದನ್ನುಳಿದು ಮಿಕ್ಕ ಐದೂ ಸಮರಾಂಗಣದಲ್ಲಿದ್ದುವು. ನಾಲ್ಕು ವರ್ಷಗಳ ಮೇಲೆ ಆ ಯುದ್ಧವು ನಿಂತಾಗ ೯೦ ಲಕ್ಷಕ್ಕೂ ಹೆಚ್ಚು ಮಂದಿ ಸೈನಿಕರು ಮಡಿದಿದ್ದರು. ಜರ್ಮನಿ, ಆಸ್ಟ್ರಿಯಾ, ರಷ್ಯಾಗಳ ಸಿಂಹಾಸನಗಳು ಉರುಳಿ, ತುರ್ಕಿಯ ಸುಲ್ತಾನನ ಸಿಂಹಾಸನವೂ ಉರುಳುವುದರಲ್ಲಿತ್ತು. ಒಬ್ಬ ರಾಜಕುಮಾರನ ವಧೆಗೂ ಇಂತಹ ಪ್ರಳಯಕ್ಕೂ ಸಂಬಂಧವೇನೆಂಬ ಪ್ರಶ್ನೆಯು ಅಂದಿನಿಂದ ವಿದ್ವಾಂಸರನ್ನು ಕಾಡುತ್ತ ಬಂದಿದೆ.

ಈ ಪ್ರಶ್ನೆಗೆ ಕೊಡುವ ಉತ್ತರವು ಕೇವಲ ಪಾಂಡಿತ್ಯಕ್ಕೆ ಸೇರಿದುದಲ್ಲ. ದೂರಕಾರಣಗಳನ್ನು ಮಾತ್ರ ಎಣಿಸಿದರೆ ಯುದ್ಧವು ಅನಿವಾರ್ಯವಾಗಿದ್ದಿತೆಂದೂ ಯಾರೊಬ್ಬರೂ ಹೊಣೆಗಾರರಲ್ಲವೆಂದೂ ತೀರ್ಮಾನವಾಗುವುದು. ಸಮೀಪಕಾರಣಗಳನ್ನು ಮಾತ್ರ ಎಣಿಸಿದರೆ ಒಬ್ಬ ತರುಣನೋ ಒಂದು ರಾಷ್ಟ್ರವೋ ಸಮಸ್ತ ಪಾಪಕ್ಕೂ ಭಾಗಿಯಾಗಬೇಕಾಗುವುದು. ಈ ಎರಡು ತೀರ್ಮಾನಗಳನ್ನೂ ಜಗತ್ತು ಒಂದಾದ ಮೇಲೊಂದರಂತೆ ಅಂಗೀಕರಿಸಿ, ಎರಡರಿಂದಲೂ ಕ್ಲೇಶಪಟ್ಟಿತು. ಮಣ್ಣಿಗೂ ಕುಂಬಾರನಿಗೂ ನಡುವೆ ತಿಗುರಿಯೊಂದಿತ್ತೆಂಬುದನ್ನು ಗಮನಿಸಿದಲ್ಲದೆ ಈ ಯುದ್ಧದ ಕಾರಣವು ಸ್ಪಷ್ಟವಾಗದೆಂಬುದನ್ನು ಮುಂದೆ ನಿರೂಪಿಸಲಾಗುವುದು.

೨. ದೂರಕಾರಣಗಳು

ಮೊದಲನೆಯದು ಜರ್ಮನಿಯ ಏಕೀಕರಣ. ೧೮೭೧ನೆಯ ಜನವರಿ ೧೮ರಂದು, ಸೋತ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿಯೇ ಜರ್ಮನ್ ಸಾಮ್ರಾಜ್ಯವು ಘೋಷಿತವಾಯಿತು. ಆಲ್ಸೇಸ್ ಪ್ರಾಂತವೂ ಲೊರೇನಿನ ಒಂದು ಭಾಗವೂ ಜರ್ಮನಿಯ ವಶವಾದುವು. ಆ ವರ್ಷ ಸುಮಾರು ೪ ಕೋಟಿ ೧೦ ಲಕ್ಷವಿದ್ದ ಜರ್ಮನಿಯ ಜನಸಂಖ್ಯೆಯು ೧೯೧೦ರ ವೇಳೆಗೆ ಸುಮಾರು ೬ ಕೋಟಿ ೫೦ ಲಕ್ಷಕ್ಕೇರಿತು. ಫ್ರಾನ್ಸಿನದು ೪ ಕೋಟಿಯನ್ನು ಮುಟ್ಟಲಿಲ್ಲ. ಕಬ್ಬಿಣ, ಉಕ್ಕು, ರಾಸಾಯನಿಕ ವಸ್ತುಗಳ ಉತ್ಪಾದನೆಯಲ್ಲಿಯೂ ಜರ್ಮನಿಯು ಶೀಘ್ರವಾಗಿ ಮುಂದುವರಿಯಿತು. ಶತಮಾನಗಳಿಂದ ಹರಿದು ಹಂಚಿಹೋಗಿದ್ದ ಮಧ್ಯ ಯೂರೋಪಿನಲ್ಲಿ ಇಂತಹ ಒಂದು ಬಲಶಾಲಿ ರಾಷ್ಟ್ರವು ತಲೆಯೆತ್ತಿದುದರಿಂದ ಹಳೆಯ ಬಲಸಾಮ್ಯವು ಕದಲಿತು.

ಎರಡನೆಯದು ಮೈತ್ರಿಕೂಟಗಳು. ಬಿಸ್ಮಾರ್ಕನು ೧೮೭೯ರಲ್ಲಿ ಆಸ್ಟ್ರಿಯಾ-ಹಂಗೆರಿಯೊಡನೆ ಕೌಲು ಮಾಡಿಕೊಂಡನು. ೧೮೮೨ರಲ್ಲಿ ಇಟಲಿಯೂ ಸೇರಿ ತ್ರಿರಾಷ್ಟ್ರ ಮೈತ್ರಿಯಾಯಿತು. ರಷ್ಯಾ ಕೈಬಿಟ್ಟುಹೋಗದಿರಲೆಂದು ಅದರೊಡನೆಯೂ ೧೮೮೭ರಲ್ಲಿ ಒಂದು ಗುಪ್ತ ಒಪ್ಪಂದವನ್ನು ಮಾಡಿಕೊಂಡಿದ್ದನು. ಅವನು ಅಧಿಕಾರದಿಂದಿಳಿದ ೧೮೯೦ರಲ್ಲಿ ಆ ಒಪ್ಪಂದವು ನವೀಕರಣಗೊಳ್ಳಲಿಲ್ಲ. ಒಂಟಿಯಾದ ರಷ್ಯಾವೂ ಒಂಟಿಯಾಗಿದ್ದ ಫ್ರಾನ್ಸೂ ೧೮೯೪ರ ವೇಳೆಗೆ ಪರಸ್ಪರ ಕೈಹಿಡಿದುವು. ೧೯೦೪ರಲ್ಲಿ ಇಂಗ್ಲೆಂಡು ಫ್ರಾನ್ಸಿನೊಡನೆಯೂ ೧೯೦೭ರಲ್ಲಿ ರಷ್ಯಾದೊಡನೆಯೂ ವಸಾಹತುಗಳ ವ್ಯಾಜ್ಯಗಳನ್ನು ತೀರಿಸಿಕೊಂಡು ಸ್ನೇಹ ಬೆಳೆಸಿತು. ಫ್ರಾನ್ಸಿಗೆ ಇದು ಆಶ್ರಯವಾಗಿ ತೋರಿತು. ಜರ್ಮನಿಗೆ ತನ್ನನ್ನು ಸುತ್ತುಗಟ್ಟುವ ಬೇಲಿಯಾಗಿ ತೋರಿತು.

ಮೂರನೆಯದು ಶಸ್ತ್ರಾಸ್ತ್ರಗಳ ಸ್ಪರ್ಧೆ. ೧೮೯೮ ಮತ್ತು ೧೯೦೦ರ ನೌಕಾಶಾಸನಗಳಿಂದ ಜರ್ಮನಿಯು ಸಮುದ್ರದ ಮೇಲೆಯೂ ಬಲವನ್ನು ಕಟ್ಟಲಾರಂಭಿಸಿತು. ಇಂಗ್ಲೆಂಡು ೧೯೦೬ರಲ್ಲಿ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆಯನ್ನು ನೀರಿಗಿಳಿಸಿತು, ಪೈಪೋಟಿಯು ತೀವ್ರವಾಯಿತು. ನಾಲ್ಕನೆಯದು ಆಫ್ರಿಕಾ ಏಷ್ಯಾಗಳಲ್ಲಿ ವಸಾಹತುಗಳಿಗಾಗಿ ನಡೆದ ಕಲಹ.

ಐದನೆಯದಾದ ರಾಷ್ಟ್ರೀಯತೆಯ ಪ್ರಶ್ನೆಯು ಇವೆಲ್ಲಕ್ಕಿಂತಲೂ ಆಗ್ನೇಯ ಯೂರೋಪಿನಲ್ಲಿ ತೀಕ್ಷ್ಣವಾಗಿದ್ದಿತು. ಐದು ಕೋಟಿಗೂ ಮಿಕ್ಕ ಪ್ರಜೆಗಳಿದ್ದ ಆಸ್ಟ್ರಿಯಾ-ಹಂಗೆರಿಯಲ್ಲಿ ೧೮೬೭ರ ಏರ್ಪಾಡಿನಂತೆ ಜರ್ಮನರೂ ಹಂಗೆರಿಯ ಮಗ್ಯಾರರೂ ಅಧಿಕಾರವನ್ನು ಹಂಚಿಕೊಂಡಿದ್ದರು. ಜೆಕ್, ಪೋಲ್, ರುಮೇನಿಯನ್, ಕ್ರೋಟ್, ಸರ್ಬ್ ಮೊದಲಾದ ಜನಾಂಗಗಳಿಗೆ ಅದರಲ್ಲಿ ಸಮಾನವಾದ ಪಾಲಿರಲಿಲ್ಲ. ನೆರೆಯ ಸರ್ಬಿಯಾದಲ್ಲಿ ೧೯೦೩ರಲ್ಲಿ ಅರಸನಾದ ಅಲೆಕ್ಸಾಂಡರನನ್ನು ಸೇನಾಧಿಕಾರಿಗಳೇ ಕೊಂದು, ರಷ್ಯಾದ ಕಡೆಗೆ ಒಲವುಳ್ಳ ಕರಜಾರ್ಜೆವಿಚ್ ವಂಶವನ್ನು ಪಟ್ಟಕ್ಕೆ ತಂದರು. ಅಂದಿನಿಂದ ದಕ್ಷಿಣ ಸ್ಲಾವರೆಲ್ಲರನ್ನೂ ಒಂದು ಛತ್ರದಡಿಗೆ ತರಬೇಕೆಂಬ ಆಶೆಯು ಅಲ್ಲಿ ಬಲವಾಯಿತು. ಈ ಆಶೆ ನೆರವೇರಬೇಕಾದರೆ ಆಸ್ಟ್ರಿಯಾ-ಹಂಗೆರಿಯು ಒಡೆಯಬೇಕಾಗಿದ್ದಿತು.

೩. ದೂರಕಾರಣಗಳಿಂದ ಮಾತ್ರ ಯುದ್ಧವು ಸಿದ್ಧಿಸದು

ಯೂರೋಪು ಮದ್ದಿನ ಮನೆಯಾಗಿದ್ದಿತು, ಸರಾಯೆವೊದಲ್ಲಿ ಕಿಡಿ ಬಿದ್ದಿತು ಎಂಬ ಹೋಲಿಕೆಯು ಪಠ್ಯಪುಸ್ತಕಗಳಲ್ಲಿ ರೂಢವಾಗಿದೆ. ಈ ಹೋಲಿಕೆಯಲ್ಲಿ ಎರಡು ದೋಷಗಳಿವೆ. ಮದ್ದಿಗೆ ಇಚ್ಛೆಯಿಲ್ಲ, ಕಿಡಿ ತಗುಲಿದರೆ ಸಿಡಿಯುವುದೇ ಅದರ ಸ್ವಭಾವ. ೧೯೧೪ರಲ್ಲಿ ಸಿಡಿದವರಾದರೋ ಇಚ್ಛೆಯೂ ವಿವೇಕವೂ ಉಳ್ಳ ಮನುಷ್ಯರು. ಅಲ್ಲದೆ ಆ ಮದ್ದಿನ ಮನೆಯ ಮೇಲೆ ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಅನೇಕ ಕಿಡಿಗಳು ಬಿದ್ದಿದ್ದುವು, ಒಂದರಿಂದಲೂ ಮಹಾಯುದ್ಧವಾಗಿರಲಿಲ್ಲ.

೧೯೦೫ರಲ್ಲಿ ಮೊರಾಕೋ ದೇಶದ ವಿಷಯದಲ್ಲಿ ಫ್ರಾನ್ಸಿಗೂ ಜರ್ಮನಿಗೂ ಬಿಕ್ಕಟ್ಟು ತಲೆದೋರಿ, ಮರುವರ್ಷ ಆಲ್ಜಿಸೀರಾಸಿನ ಸಮ್ಮೇಲನದಲ್ಲಿ ಶಮನವಾಯಿತು. ೧೯೦೮ರಲ್ಲಿ ಆಸ್ಟ್ರಿಯಾ, ೧೮೭೮ರಿಂದ ತನ್ನ ಆಡಳಿತದಲ್ಲಿದ್ದ ಬೋಸ್ನಿಯಾ-ಹರ್ಜೆಗೊವಿನಾಗಳನ್ನು ಸಂಪೂರ್ಣವಾಗಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು, ಸರ್ಬಿಯಾ ಕೆರಳಿತು, ಜರ್ಮನಿಯ ಒತ್ತಾಯಕ್ಕೆ ಮಣಿದು ೧೯೦೯ರ ಮಾರ್ಚಿಯಲ್ಲಿ ರಷ್ಯಾ ಹಿಂಜರಿಯಿತು. ೧೯೧೧ರಲ್ಲಿ ಅಗಾಡಿರ್ ಬಂದರಕ್ಕೆ ಜರ್ಮನಿಯ ಸಮರನೌಕೆಯೊಂದು ಬಂದು ನಿಂತಿತು; ಕಾಂಗೋ ಪ್ರಾಂತದ ಸ್ವಲ್ಪ ನೆಲವನ್ನು ಪಡೆದು ಜರ್ಮನಿಯು ಸಮಾಧಾನಗೊಂಡಿತು. ೧೯೧೨-೧೩ರ ಬಾಲ್ಕನ್ ಯುದ್ಧಗಳಲ್ಲಿ ತುರ್ಕಿಯ ಯೂರೋಪಿನ ರಾಜ್ಯವು ಬಹುಮಟ್ಟಿಗೆ ಕರಗಿ ಸರ್ಬಿಯಾದ ವಿಸ್ತೀರ್ಣವು ಹೆಚ್ಚು ಕಡಮೆ ಇಮ್ಮಡಿಯಾಯಿತು. ಆಗಲೂ ಲಂಡನ್ನಿನಲ್ಲಿ ಸೇರಿದ ರಾಯಭಾರಿಗಳ ಸಭೆಯು ಮಹಾರಾಷ್ಟ್ರಗಳನ್ನು ಯುದ್ಧದಿಂದ ತಡೆಯಿತು. ಮೈತ್ರಿಕೂಟಗಳು, ಸ್ಪರ್ಧೆ, ರಾಷ್ಟ್ರೀಯತೆ ಎಲ್ಲವೂ ಆ ಕಾಲದಲ್ಲಿಯೂ ಇದ್ದುವು. ನೌಕಾಸ್ಪರ್ಧೆಯಂತೂ ೧೯೧೨ರಿಂದೀಚೆಗೆ ಜರ್ಮನಿಯು ಭೂಸೈನ್ಯಕ್ಕೆ ಹೆಚ್ಚು ಗಮನ ಕೊಟ್ಟುದರಿಂದ ಮೊದಲಿನ ಬಿಸಿಯನ್ನು ಕಳೆದುಕೊಂಡಿದ್ದಿತು.

ರಾಜವಧೆಯೂ ಆ ಕಾಲಕ್ಕೆ ಅಪೂರ್ವವಲ್ಲ. ೧೮೯೮ರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್, ೧೯೦೦ರಲ್ಲಿ ಇಟಲಿಯ ದೊರೆ ಉಂಬರ್ಟೊ, ೧೯೦೮ರಲ್ಲಿ ಪೋರ್ಚುಗಲ್ಲಿನ ದೊರೆ ಕಾರ್ಲೋಸ್, ೧೯೧೩ರಲ್ಲಿ ಗ್ರೀಸಿನ ದೊರೆ ಜಾರ್ಜ್ ಹತರಾದರು. ಎಲಿಜಬೆತ್ ರಾಣಿಯನ್ನು ಕೊಂದವನು ಇಟಲಿಯವನಾಗಿದ್ದರೂ ಆಸ್ಟ್ರಿಯಾ ಇಟಲಿಯ ಮೇಲೆ ಕತ್ತಿಯೆತ್ತಲಿಲ್ಲ. ಆದುದರಿಂದ ಉಪಾದಾನವೊಂದೇ ಸಾಲದು, ನಿಮಿತ್ತವೊಂದೇ ಸಾಲದು ಎಂಬುದು ಸ್ಪಷ್ಟ. ೧೯೧೪ರಲ್ಲಿ ಹೊಸದಾಗಿ ಏನಿದ್ದಿತು?

೪. ಹಿಂದಿನ ಶಾಂತಿಗಳು ಬಿಟ್ಟುಹೋದ ಶೇಷ

ಬಿಕ್ಕಟ್ಟುಗಳು ಒಂದಾದ ಮೇಲೊಂದು ಪರಿಹಾರವಾದುವೆಂಬುದು ನಿಜ. ಆದರೆ ಒಂದೊಂದು ಪರಿಹಾರವೂ ಒಂದು ಶೇಷವನ್ನು ಉಳಿಸಿತು. ಪ್ರತಿಸಾರಿಯೂ ಯಾವುದೋ ಒಂದು ರಾಷ್ಟ್ರವು ಮಣಿದಿದ್ದಿತು. ಮಣಿದವನು ಇನ್ನೊಂದು ಸಾರಿ ಮಣಿಯಬಾರದೆಂದು ಸಂಕಲ್ಪಿಸಿದನು. ಮಣಿಸಿದವನು ಗದರಿಸಿದರೆ ಎದುರಾಳಿಯು ಹಿಂದೆಗೆಯುವನೆಂದು ನಂಬಿದನು. ಈ ಎರಡು ಪಾಠಗಳೂ ಪರಸ್ಪರ ವಿರುದ್ಧವಾದುವುಗಳು. ಎರಡೂ ಒಂದೇ ಘಟನೆಯಿಂದ ಹುಟ್ಟಿದುವು.

ರಷ್ಯಾದ ಸಚಿವರು ೧೯೦೯ರ ಅಪಮಾನವನ್ನು ಮರೆಯಲಿಲ್ಲ. ಸ್ಲಾವರ ರಕ್ಷಕನೆಂಬ ಹೆಸರು ಇನ್ನೊಮ್ಮೆ ಕೆಟ್ಟರೆ ಬಾಲ್ಕನ್ ಪ್ರದೇಶದಲ್ಲಿ ತಮಗೆ ನೆಲೆಯಿಲ್ಲವೆಂದು ಅವರು ಭಾವಿಸಿದರು. ಆಸ್ಟ್ರಿಯಾವಾದರೋ ಬೇರೊಂದು ಪಾಠವನ್ನು ಕಲಿಯಿತು. ೧೯೧೩ರ ಅಕ್ಟೋಬರಿನಲ್ಲಿ ಆಲ್ಬೇನಿಯಾದ ನೆಲದಲ್ಲಿದ್ದ ಸರ್ಬಿಯಾದ ಸೈನ್ಯವು ಹಿಂದಿರುಗಬೇಕೆಂದು ಅದು ವಾಯಿದೆಯಿಟ್ಟು ಅಂತಿಮ ಸೂಚನೆಯನ್ನು ಕಳುಹಿಸಿದಾಗ ಸರ್ಬಿಯಾ ಒಪ್ಪಿಕೊಂಡಿತು. ಸಮ್ಮೇಲನಗಳಿಂದ ದೊರೆಯದುದು ಬೆದರಿಕೆಯಿಂದ ದೊರೆತಂತಾಯಿತು. ಜರ್ಮನಿಯಲ್ಲಿ ತನ್ನ ಒಬ್ಬನೇ ನಂಬಿಕೆಯ ಮಿತ್ರನು ಕ್ಷೀಣಿಸುತ್ತಿರುವನೆಂಬ ಕಳವಳವು ಬೆಳೆಯಿತು. ಫ್ರಾನ್ಸಿನಲ್ಲಿ ರಷ್ಯಾದ ಮೈತ್ರಿಯು ಕೈತಪ್ಪಿದರೆ ತಾನು ಒಂಟಿಯಾಗುವೆನೆಂಬ ಕಳವಳವು ಬೆಳೆಯಿತು. ಹೀಗೆ ಮಿತ್ರನ ಕಲಹವನ್ನು ತನ್ನ ಕಲಹವೆಂದು ಸ್ವೀಕರಿಸದಿದ್ದರೆ ಮೈತ್ರಿಯೇ ಉಳಿಯದೆಂಬ ಭಾವನೆಯು ಉಭಯ ಕೂಟಗಳಲ್ಲಿಯೂ ಗಟ್ಟಿಯಾಯಿತು. ರಕ್ಷಣೆಗಾಗಿ ಹುಟ್ಟಿದ ಕೌಲುಗಳ ಅರ್ಥವು ಅಕ್ಷರಗಳು ಬದಲಾಗದೆಯೇ ಬದಲಾಯಿತು.

೫. ಸಹಕಾರಿ ಕಾರಣ: ಸೇನಾಸನ್ನಾಹದ ಕಾಲಪಟ್ಟಿಗಳು

ಮೀಸಲು ಸೈನಿಕರನ್ನು ಕರೆಸಿ, ಆಯುಧಗಳನ್ನು ಕೊಟ್ಟು, ರೈಲುಗಳಲ್ಲಿ ಗಡಿಗೆ ಸಾಗಿಸುವ ಕಾರ್ಯಕ್ಕೆ ಸೇನಾಸನ್ನಾಹವೆಂದು ಹೆಸರು. ೧೮೬೬ ಮತ್ತು ೧೮೭೦ರ ಯುದ್ಧಗಳಲ್ಲಿ ಪ್ರಷ್ಯಾದ ಶೀಘ್ರಸನ್ನಾಹವು ಅದರ ಜಯಕ್ಕೆ ಮುಖ್ಯ ಸಾಧನವಾದುದನ್ನು ಕಂಡು ಎಲ್ಲ ರಾಷ್ಟ್ರಗಳೂ ಮುಂಚಿತವಾಗಿಯೇ ರೈಲುಗಳ ಕಾಲಪಟ್ಟಿಗಳನ್ನು ಸಿದ್ಧಪಡಿಸಿಟ್ಟುಕೊಂಡುವು. ಒಂದು ದಿನ ಹಿಂದೆ ಬಿದ್ದರೂ ಅಪಾಯವೆಂಬ ಭಯವು ಸೇನಾನಿಗಳ ಮನಸ್ಸಿನಲ್ಲಿ ನೆಲಸಿತು.

ಜರ್ಮನಿಯ ಯೋಜನೆಯು ಇವುಗಳಲ್ಲೆಲ್ಲ ವಿಲಕ್ಷಣವಾದುದು. ಪೂರ್ವದಲ್ಲಿ ರಷ್ಯಾ, ಪಶ್ಚಿಮದಲ್ಲಿ ಫ್ರಾನ್ಸ್ ಎರಡನ್ನೂ ಎದುರಿಸಬೇಕಾಗಿದ್ದುದರಿಂದ, ವಿಶಾಲವಾದ ರಷ್ಯಾ ತನ್ನ ಸೈನ್ಯವನ್ನು ಕೂಡಿಸುವುದರೊಳಗಾಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಸೋಲಿಸಿ, ಅನಂತರ ಪೂರ್ವಕ್ಕೆ ತಿರುಗಬೇಕೆಂಬುದು ಷ್ಲೀಫನ್ನನು ೧೯೦೫ರ ಸುಮಾರಿನಲ್ಲಿ ಹಾಕಿಕೊಟ್ಟ ದಾರಿ. ಫ್ರಾನ್ಸಿನ ಗಡಿಯ ಕೋಟೆಗಳನ್ನು ತಪ್ಪಿಸುವುದಕ್ಕಾಗಿ ಬೆಲ್ಜಿಯಂ ದೇಶವನ್ನು ಹಾದುಹೋಗಬೇಕು; ಲೀಏಜಿನ ಕೋಟೆಯನ್ನು ಸನ್ನಾಹದ ಆರಂಭದ ದಿನಗಳಲ್ಲಿಯೇ ಹಿಡಿಯಬೇಕು. ಇತರ ರಾಷ್ಟ್ರಗಳು ಸೈನ್ಯವನ್ನು ಗಡಿಯಲ್ಲಿ ನಿಲ್ಲಿಸಿಕೊಂಡು ಮಾತನಾಡಬಹುದಾಗಿತ್ತು. ಜರ್ಮನಿಗೆ ಸನ್ನಾಹವೆಂದರೆ ಆಕ್ರಮಣವೇ. ಪೂರ್ವದಲ್ಲಿ ಮಾತ್ರ ಯುದ್ಧ ಮಾಡುವುದಕ್ಕೆ ಇದ್ದ ಬೇರೊಂದು ಯೋಜನೆಯನ್ನು ೧೯೧೩ರಲ್ಲಿ ಕೈಬಿಡಲಾಗಿದ್ದಿತು. ಬಾಲ್ಕನ್ ಪ್ರದೇಶದ ಜಗಳವು ರಷ್ಯಾದವರೆಗೆ ಬೆಳೆದರೆ ಆ ಜಗಳಕ್ಕೆ ಸಂಬಂಧವೇ ಇಲ್ಲದ ಬೆಲ್ಜಿಯಂ ತುಳಿಯಲ್ಪಡುವುದು ಈ ಏರ್ಪಾಡಿನಿಂದಲೇ ನಿಶ್ಚಿತವಾಯಿತು.

ಈ ಯೋಜನೆಗೆ ಕಾಲವು ಶತ್ರುವಾಗುತ್ತಿತ್ತು. ೧೯೧೩ರಲ್ಲಿ ಫ್ರಾನ್ಸು ಮೂರು ವರ್ಷಗಳ ಸೈನ್ಯಸೇವೆಯ ಶಾಸನವನ್ನು ಮಾಡಿತು. ರಷ್ಯಾ ಫ್ರಾನ್ಸಿನ ಸಾಲದಿಂದ ಪಶ್ಚಿಮದ ರೈಲುಮಾರ್ಗಗಳನ್ನು ಬೆಳೆಸುತ್ತ, ೧೯೧೭ರ ವೇಳೆಗೆ ಮುಗಿಯತಕ್ಕ ಸೈನ್ಯವಿಸ್ತರಣೆಯನ್ನು ಕೈಗೊಂಡಿತು. ರಷ್ಯಾದ ಸನ್ನಾಹವು ಚುರುಕಾದಂತೆಲ್ಲ ಜರ್ಮನಿಯ ಆರು ವಾರಗಳ ಲೆಕ್ಕವು ಕುಸಿಯುತ್ತಿತ್ತು. ಯುದ್ಧವು ಬರುವುದಾದರೆ ತಡವಾಗಿ ಬರುವುದಕ್ಕಿಂತ ಈಗಲೇ ಬರಲಿ ಎಂಬ ಮಾತು ಮುಖ್ಯ ಸೇನಾನಿಯಾದ ಮೋಲ್ಟ್‌ಕೆಯ ಸುತ್ತಮುತ್ತ ಕೇಳಿಬರತೊಡಗಿತು.

೬. ಮೂವತ್ತೇಳು ದಿನಗಳು

ಇಂತಹ ಸನ್ನಿವೇಶದಲ್ಲಿ ಹತ್ತೊಂಬತ್ತು ವರ್ಷದ ಗವ್ರಿಲೊ ಪ್ರಿನ್ಸಿಪನ ಗುಂಡು ಹಾರಿತು. ಅವನೂ ಅವನ ಸಂಗಡಿಗರೂ ಬೋಸ್ನಿಯಾದವರಾಗಿದ್ದರೂ ಆಯುಧಗಳು ಬಂದುದು ಸರ್ಬಿಯಾದಿಂದ. ಆ ದೇಶದ ಸೈನ್ಯದ ಗೂಢಚಾರ ಶಾಖೆಯ ಮುಖ್ಯನಾದ ಡಿಮಿಟ್ರಿಯೆವಿಚನ ಕೈವಾಡವು ಇದರಲ್ಲಿದ್ದಿತು. ಹತನಾದ ಯುವರಾಜನು ಹಿಂದಿನ ಬಿಕ್ಕಟ್ಟುಗಳಲ್ಲಿ ಸರ್ಬಿಯಾದೊಡನೆ ಯುದ್ಧ ಕೂಡದೆಂದು ವಾದಿಸಿದವನು. ಯುದ್ಧವನ್ನು ಪದೇ ಪದೇ ಬಯಸುತ್ತಿದ್ದ ಸೇನಾನಿ ಕಾನ್ರಾಡನನ್ನು ಹಿಡಿದು ನಿಲ್ಲಿಸುತ್ತಿದ್ದ ಕೈಯೇ ಹೀಗೆ ಮುರಿಯಿತು.

ಜುಲೈ ೫ ಮತ್ತು ೬ರಂದು ಕೈಸರ್ ಎರಡನೆಯ ವಿಲ್ಹೆಲ್ಮನೂ ಪ್ರಧಾನಾಮಾತ್ಯ ಬೆಥ್‌ಮನ್ ಹಾಲ್ವೆಗನೂ, ಸರ್ಬಿಯಾದ ವಿಷಯದಲ್ಲಿ ಆಸ್ಟ್ರಿಯಾ ಯಾವ ಮಾರ್ಗವನ್ನು ಹಿಡಿದರೂ ಜರ್ಮನಿಯ ಬೆಂಬಲವಿದೆಯೆಂದು ಆಶ್ವಾಸನೆಯಿತ್ತರು. ಮೊತ್ತವನ್ನು ಬರೆಯದೆ ರುಜು ಹಾಕಿಕೊಟ್ಟ ಹುಂಡಿಯಂತಿದ್ದ ಈ ಆಶ್ವಾಸನೆಯು ಮೊದಲನೆಯ ಮಹಾಪ್ರಮಾದ. ಆಸ್ಟ್ರಿಯಾ ಕೂಡಲೇ ನಡೆದುಕೊಂಡಿದ್ದರೆ ಯೂರೋಪಿನ ಸಹಾನುಭೂತಿಯು ಅದಕ್ಕೆ ದೊರೆಯುತ್ತಿತ್ತೋ ಏನೋ. ಆದರೆ ಹಂಗೆರಿಯ ಪ್ರಧಾನಿ ಟಿಸನು ಜುಲೈ ೧೪ರವರೆಗೆ ಒಪ್ಪಲಿಲ್ಲ. ಸೈನಿಕರು ಸುಗ್ಗಿಯ ರಜೆಯ ಮೇಲೆ ಹಳ್ಳಿಗಳಿಗೆ ಹೋಗಿದ್ದರು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆಯು ರಷ್ಯಾದ ರಾಜಧಾನಿಯಿಂದ ಹೊರಡುವವರೆಗೆ ಕಾಯಬೇಕೆಂದೂ ನಿಶ್ಚಯವಾಯಿತು. ಜುಲೈ ೨೩ರ ಸಂಜೆ ಆರು ಗಂಟೆಗೆ, ನಲವತ್ತೆಂಟು ಗಂಟೆಗಳ ವಾಯಿದೆಯೊಡನೆ ಅಂತಿಮ ಸೂಚನೆಯು ಬೆಲ್‌ಗ್ರೇಡಿಗೆ ಮುಟ್ಟಿತು. ನಿರಾಕರಿಸಲ್ಪಡಲೆಂದೇ ಅದು ರಚಿತವಾಗಿದ್ದಿತು. ಸರ್ಬಿಯಾ ಬಹ್ವಂಶವನ್ನು ವಿನಯದಿಂದ ಒಪ್ಪಿ, ತನ್ನ ನೆಲದ ಮೇಲಿನ ನ್ಯಾಯವಿಚಾರಣೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸಬೇಕೆಂಬ ಅಂಶವನ್ನು ನಿರಾಕರಿಸಿತು. ಉತ್ತರ ಕೊಡುವ ಮೊದಲೇ ಸನ್ನಾಹಕ್ಕೂ ಆಜ್ಞೆಮಾಡಿತು.

ಮುಂದಿನ ಘಟನೆಗಳಲ್ಲಿ ಒಂದು ವಿಚಿತ್ರವು ಕಂಡುಬರುವುದು. ಜುಲೈ ೨೮ರ ಬೆಳಿಗ್ಗೆ ಸರ್ಬಿಯಾದ ಉತ್ತರವನ್ನೋದಿದ ಕೈಸರನು, ಯುದ್ಧಕ್ಕೆ ಇನ್ನು ಕಾರಣವೇ ಉಳಿಯಲಿಲ್ಲವೆಂದು ಟಿಪ್ಪಣಿ ಬರೆದು, ಆಸ್ಟ್ರಿಯಾ ಬೆಲ್‌ಗ್ರೇಡನ್ನು ಮಾತ್ರ ಹಿಡಿದು ನಿಲ್ಲಲೆಂದು ಸಲಹೆಯಿತ್ತನು. ಅದೇ ದಿನ ಆಸ್ಟ್ರಿಯಾ ತಂತಿಯ ಮೂಲಕ ಯುದ್ಧವನ್ನು ಘೋಷಿಸಿತು. ಅದರ ಸೈನ್ಯವು ಆಗಸ್ಟ್ ಮಧ್ಯದವರೆಗೆ ಮುನ್ನಡೆಯಲು ಸಿದ್ಧವಿರಲಿಲ್ಲ. ಹೀಗಿದ್ದೂ ಘೋಷಣೆಗೆ ಆತುರಪಟ್ಟುದು ಸಂಧಾನಕ್ಕೆ ಎಡೆಯಿಲ್ಲದಂತೆ ಮಾಡುವುದಕ್ಕಾಗಿ. ಲಂಡನ್ನಿನ ಹಿಂದಿನ ಸಭೆಯಂತೆಯೇ ನಾಲ್ಕು ರಾಷ್ಟ್ರಗಳು ಕೂಡಿ ಮಾತನಾಡಲೆಂದು ಇಂಗ್ಲೆಂಡಿನ ವಿದೇಶಾಂಗ ಸಚಿವ ಸರ್ ಎಡ್ವರ್ಡ್ ಗ್ರೇ ಮಾಡಿದ ಸೂಚನೆಯನ್ನು ಜರ್ಮನಿಯು ಅದರ ಹಿಂದಿನ ದಿನವೇ ತಳ್ಳಿಹಾಕಿದ್ದಿತು.

ಜುಲೈ ೨೯ರಂದು ಜಾರ್ ಎರಡನೆಯ ನಿಕೊಲಾಸನು ಸಾರ್ವತ್ರಿಕ ಸನ್ನಾಹಕ್ಕೆ ಆಜ್ಞೆಯಿತ್ತು, ಕೈಸರನ ತಂತಿಯೊಂದು ಬಂದಮೇಲೆ ರಾತ್ರಿಯೇ ಅದನ್ನು ಹಿಂತೆಗೆದುಕೊಂಡನು. ಆಸ್ಟ್ರಿಯಾದ ಎದುರಿಗೆ ಮಾತ್ರ ಭಾಗಶಃ ಸನ್ನಾಹ ಮಾಡಿದರೆ ಮುಂದಿನ ಸಾರ್ವತ್ರಿಕ ಸನ್ನಾಹದ ಕಾಲಪಟ್ಟಿಯೇ ಅಸ್ತವ್ಯಸ್ತವಾಗುವುದೆಂದು ಸೇನಾನಿಗಳು ಒತ್ತಾಯಿಸಿದರು. ವಿದೇಶಾಂಗ ಮಂತ್ರಿ ಸಜೊನೊವನು ಮರುದಿನ ಜಾರನನ್ನು ಒಪ್ಪಿಸಿದನು. ಅದೇ ೩೦ರಂದು ಬರ್ಲಿನ್ನಿನಿಂದ ವಿಯೆನ್ನಾಕ್ಕೆ ಎರಡು ಬಗೆಯ ಸಲಹೆಗಳು ಹೋದುವು: ಬೆಥ್‌ಮನ್ನನು ಸಂಧಾನವನ್ನು ಒಪ್ಪಿಕೊಳ್ಳಿರೆಂದನು, ಮೋಲ್ಟ್‌ಕೆಯು ರಷ್ಯಾದ ಎದುರಿಗೆ ಕೂಡಲೇ ಸನ್ನಾಹ ಮಾಡಿರೆಂದನು. ಬರ್ಲಿನ್ನಿನಲ್ಲಿ ಆಳುವವರು ಯಾರೆಂದು ಆಸ್ಟ್ರಿಯಾದ ಮಂತ್ರಿಯು ಬೆರಗಾದುದು ಸಹಜವೇ ಆಗಿದೆ.

ಜುಲೈ ೩೧ರಂದು ರಷ್ಯಾದ ಸನ್ನಾಹದ ವಾರ್ತೆಯು ಖಚಿತವಾಗಲು ಜರ್ಮನಿಯು ರಷ್ಯಾಕ್ಕೆ ಹನ್ನೆರಡು ಗಂಟೆ, ಫ್ರಾನ್ಸಿಗೆ ಹದಿನೆಂಟು ಗಂಟೆ ವಾಯಿದೆ ಕೊಟ್ಟಿತು. ಆಗಸ್ಟ್ ೧ರಂದು ರಷ್ಯಾದ ಮೇಲೆ ಯುದ್ಧವನ್ನು ಘೋಷಿಸಿತು. ಅಂದು ಸಂಜೆ ಇಂಗ್ಲೆಂಡು ತಟಸ್ಥವಾಗಿರಬಹುದೆಂಬ ಭ್ರಾಂತಿಯನ್ನು ಹುಟ್ಟಿಸಿದ ತಂತಿಯೊಂದು ಲಂಡನ್ನಿನಿಂದ ಬರಲು, ಕೈಸರನು ಹರ್ಷಗೊಂಡು ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸುವಂತೆ ಮೋಲ್ಟ್‌ಕೆಗೆ ಹೇಳಿದನು. ಲಕ್ಷಾಂತರ ಸೈನಿಕರ ಪ್ರಯಾಣದ ಏರ್ಪಾಡನ್ನು ಕ್ಷಣದಲ್ಲಿ ಬದಲಿಸುವುದು ಸಾಧ್ಯವಿಲ್ಲವೆಂದು ಸೇನಾನಿಯು ಉತ್ತರಕೊಟ್ಟನು. ಸಾಮ್ರಾಜ್ಯದ ಒಡೆಯನ ಇಚ್ಛೆಗಿಂತ ರೈಲುಗಳ ಕಾಲಪಟ್ಟಿಯು ಬಲವತ್ತರವಾಗಿ ನಿಂತಿತು. ಆ ತಂತಿಯು ತಪ್ಪು ಗ್ರಹಿಕೆಯಿಂದ ಹುಟ್ಟಿದುದೆಂದು ರಾತ್ರಿಯೊಳಗೆ ತಿಳಿದುಬಂದುದರಿಂದ ವಾದವೂ ಮುಗಿಯಿತು. ಆಗಸ್ಟ್ ೩ರಂದು ಫ್ರಾನ್ಸಿನ ಮೇಲೆ ಘೋಷಣೆ. ೪ರಂದು ಬೆಲ್ಜಿಯಮ್ಮಿನ ಪ್ರವೇಶ. ೧೮೩೯ರ ಒಡಂಬಡಿಕೆಯಂತೆ ಬೆಲ್ಜಿಯಮ್ಮಿನ ತಾಟಸ್ಥ್ಯಕ್ಕೆ ಹೊಣೆಯಾಗಿದ್ದ ಇಂಗ್ಲೆಂಡು ಅಂದೇ ರಾತ್ರಿ ಯುದ್ಧಕ್ಕಿಳಿಯಿತು. ಜಗಳದ ಮೂಲಪುರುಷನಾದ ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಘೋಷಿಸಿದುದು ಆಗಸ್ಟ್ ೬ರಂದು, ಅದರ ಪರವಾಗಿ ಜರ್ಮನಿಯು ಘೋಷಿಸಿದ ಐದು ದಿನಗಳ ಮೇಲೆ. ಇಟಲಿಯು ತ್ರಿರಾಷ್ಟ್ರ ಮೈತ್ರಿಯಲ್ಲಿದ್ದೂ ತಟಸ್ಥವಾಗಿದ್ದು ೧೯೧೫ರಲ್ಲಿ ಎದುರು ಪಕ್ಷವನ್ನು ಸೇರಿತು. ಕೌಲುಗಳು ರಾಷ್ಟ್ರಗಳನ್ನು ಯಂತ್ರದಂತೆ ಯುದ್ಧಕ್ಕೆಳೆದುವೆಂಬ ವಾದಕ್ಕೆ ಇದೊಂದೇ ಸಾಕಾದ ಉತ್ತರ: ಮುರಿಯಬೇಕೆಂದಿದ್ದವರು ಕೌಲನ್ನು ಮುರಿಯಬಲ್ಲವರಾಗಿದ್ದರು.

೭. ಹೊಣೆಯ ವಿಚಾರ

ಸರಾಯೆವೊದ ಹತ್ಯೆಯಾದ ಐದು ವರ್ಷಗಳ ಮೇಲೆ ಅದೇ ದಿನ, ೧೯೧೯ರ ಜೂನ್ ೨೮ರಂದು, ವರ್ಸೇಲ್ಸಿನ ಸಂಧಿಗೆ ರುಜುವಾಯಿತು. ಅದರ ೨೩೧ನೆಯ ವಿಧಿಯು ಯುದ್ಧದಿಂದಾದ ನಷ್ಟಗಳಿಗೆ ಜರ್ಮನಿಯನ್ನೂ ಅದರ ಮಿತ್ರರನ್ನೂ ಹೊಣೆಮಾಡಿತು. ಈ ವಿಧಿಯನ್ನು ಅಪರಾಧದ ಮುದ್ರೆಯೆಂದು ಭಾವಿಸಿದ ಜರ್ಮನರಲ್ಲಿ ಹುಟ್ಟಿದ ರೋಷವನ್ನು ಹಿಟ್ಲರನ ಪಕ್ಷವು ತನ್ನ ಬಲವೃದ್ಧಿಗೆ ಉಪಯೋಗಿಸಿಕೊಂಡಿತು. ಜರ್ಮನ್ ಸರಕಾರವು ೧೯೨೨ರಿಂದ ೧೯೨೭ರವರೆಗೆ ೪೦ ಸಂಪುಟಗಳಲ್ಲಿ ತನ್ನ ವಿದೇಶಾಂಗ ಪತ್ರಗಳನ್ನು ಪ್ರಕಟಿಸಿತು. ಇತರ ರಾಷ್ಟ್ರಗಳೂ ಅನುಸರಿಸಿದುವು. ಕ್ರಮೇಣ ಯಾರೂ ಬಯಸದೆ ಎಲ್ಲರೂ ಯುದ್ಧದೊಳಕ್ಕೆ ಜಾರಿಬಿದ್ದರೆಂಬ ಅಭಿಪ್ರಾಯವು ಹರಡಿತು. ಯಾರಿಗೂ ಹೊಣೆಯಿಲ್ಲವೆಂಬ ಈ ಎರಡನೆಯ ನಂಬಿಕೆಯೂ ಹಾನಿಕರವೇ ಆಯಿತು: ೧೯೩೦ರ ದಶಕದಲ್ಲಿ ಜರ್ಮನಿಗೆ ಅನ್ಯಾಯವಾಗಿದೆಯೆಂದು ನಂಬಿದ ಅನೇಕರು ಹಿಟ್ಲರನ ಆಕ್ರಮಣಗಳನ್ನು ನೋಡಿಯೂ ಸುಮ್ಮನಿದ್ದರು. ಮುಂದೆ ೧೯೬೧ರಲ್ಲಿ ಜರ್ಮನಿಯವನೇ ಆದ ಫ್ರಿಟ್ಸ್ ಫಿಷರನು ಪತ್ರಾಗಾರಗಳ ಆಧಾರದಿಂದ ತನ್ನ ದೇಶದ ನಾಯಕರ ಮೇಲೆ ಹೆಚ್ಚಿನ ಹೊಣೆಯನ್ನು ಹೊರಿಸಿದನು. ೨೦೧೨ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕನು ಹೊಣೆಯನ್ನು ಎಲ್ಲ ರಾಜಧಾನಿಗಳಿಗೂ ಹಂಚಿದನು. ವಾದವು ಇನ್ನೂ ಮುಗಿದಿಲ್ಲ.

ಮೇಲೆ ವಿವರಿಸಿದ ಘಟನೆಗಳನ್ನು ತೂಗಿ ನೋಡಿದರೆ, ಹೊಣೆಯು ಹಲವರದಾಗಿದ್ದರೂ ಸಮಭಾಗವಾಗಿರಲಿಲ್ಲವೆಂದು ತೋರುವುದು. ಸರ್ಬಿಯಾದ ಒಂದು ಗುಪ್ತಮಂಡಲಿಯು ವಧೆಗೆ ಆಯುಧವಿತ್ತಿತು. ಆಸ್ಟ್ರಿಯಾ ಸ್ಥಳೀಯ ಯುದ್ಧವನ್ನು ಬೇಕೆಂದೇ ಆರಿಸಿಕೊಂಡಿತು. ಜರ್ಮನ್ ನಾಯಕರು, ಸ್ಥಳೀಯ ಯುದ್ಧವು ಮಹಾಯುದ್ಧವಾಗಬಹುದೆಂದು ತಿಳಿದೂ ಬೆಂಬಲವಿತ್ತು, ಸಮ್ಮೇಲನವನ್ನು ನಿರಾಕರಿಸಿದರು. ನೆರೆಯವನನ್ನು ತುಳಿಯದೆ ಆರಂಭವಾಗದಂತಹ ಯೋಜನೆಯೊಂದನ್ನು ಬಿಟ್ಟರೆ ಅವರ ಬಳಿ ಬೇರೆ ಯೋಜನೆಯಿರಲಿಲ್ಲ. ಈ ಎರಡು ರಾಜಧಾನಿಗಳ ಪಾಲೇ ಹೆಚ್ಚಿನದು. ರಷ್ಯಾ ಮಾತುಕತೆಗಳು ಮುಗಿಯುವ ಮೊದಲೇ ಸಾರ್ವತ್ರಿಕ ಸನ್ನಾಹ ಮಾಡಿತು. ಫ್ರಾನ್ಸು ಮಿತ್ರನನ್ನು ತಡೆಯಲಿಲ್ಲ. ಇಂಗ್ಲೆಂಡು ತನ್ನ ನಿಲುವನ್ನು ಕಾಲದಲ್ಲಿ ಸ್ಪಷ್ಟಪಡಿಸಲಿಲ್ಲ.

ಇಷ್ಟೆಲ್ಲ ನಿಶ್ಚಯಗಳನ್ನು ಮಾಡಿದವರು ಐದಾರು ರಾಜಧಾನಿಗಳಲ್ಲಿದ್ದ ಕೆಲವೇ ಮಂದಿ ಅರಸರು, ಸಚಿವರು, ಸೇನಾನಿಗಳು. ಅವರ ನಿಶ್ಚಯದ ಭಾರವನ್ನು ಹೊತ್ತವರು ಅವರ ಪ್ರಜೆಗಳು ಮಾತ್ರವೇ ಅಲ್ಲ. ಆಗಸ್ಟ್ ೪ರಂದು ಇಂಗ್ಲೆಂಡು ಮಾಡಿದ ಘೋಷಣೆಯಿಂದ ಭಾರತದವರೂ ಅಭಿಪ್ರಾಯವನ್ನು ಕೇಳದೆಯೇ ಯುದ್ಧಸ್ಥರಾದರು. ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಸಮುದ್ರದಾಚೆಗೆ ಕಳುಹಿಸಲ್ಪಟ್ಟರು. ಮೈಸೂರು ಸಂಸ್ಥಾನದ ಅಶ್ವದಳವು ಈಜಿಪ್ಟಿಗೂ ಅಲ್ಲಿಂದ ಪಾಲೆಸ್ತೀನಿಗೂ ಹೋಗಿ, ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ಅಶ್ವದಳದೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಆ ಯುದ್ಧದಲ್ಲಿ ಮಡಿದ ಮೈಸೂರಿನ ಸವಾರರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸ್ಮಾರಕವಿದೆ. ಆಲ್ಸೇಸಿನ ವ್ಯಾಜ್ಯವಾಗಲಿ ಬೋಸ್ನಿಯಾದ ವ್ಯಾಜ್ಯವಾಗಲಿ ಅವರದಾಗಿರಲಿಲ್ಲ.

೮. ಉಪಸಂಹಾರ

ರಾಷ್ಟ್ರಗಳ ವೈಮನಸ್ಯವು ಈ ಯುದ್ಧದ ಉಪಾದಾನ. ೧೯೧೪ರ ಬೇಸಗೆಯಲ್ಲಿ ಅಧಿಕಾರದಲ್ಲಿದ್ದವರ ನಿರ್ಧಾರಗಳು ನಿಮಿತ್ತ. ಸನ್ನಾಹದ ಕಾಲಪಟ್ಟಿಗಳು ಸಹಕಾರಿ. ಯುದ್ಧವು ಏತಕ್ಕೆ ಅಷ್ಟು ವಿಸ್ತಾರವಾಯಿತೆಂಬುದನ್ನು ಮೊದಲನೆಯದು ತಿಳಿಸುವುದು. ಅದು ಬಂದುದೇಕೆಂಬುದನ್ನು ಎರಡನೆಯದು ತಿಳಿಸುವುದು. ಕೈಸರನೂ ಜಾರನೂ ಹಿಂದೆಗೆಯಲು ಬಯಸಿದ ಗಳಿಗೆಯಲ್ಲಿ ಹಿಂದೆಗೆಯಲಾರದೆ ಹೋದುದೇಕೆಂಬುದನ್ನು ಮೂರನೆಯದು ತಿಳಿಸುವುದು. ಹಿಂದಿನ ಬಿಕ್ಕಟ್ಟುಗಳು ಶಮನವಾದುದು ವಾರಗಳು, ತಿಂಗಳುಗಳ ಮಾತುಕತೆಯಿಂದ. ಈ ಸಾರಿ ಆಸ್ಟ್ರಿಯಾದ ಅಂತಿಮ ಸೂಚನೆಯು ತಲಪಿದಂದಿನಿಂದ ಇಂಗ್ಲೆಂಡಿನ ಘೋಷಣೆಯವರೆಗೆ ಹನ್ನೆರಡೇ ದಿನಗಳು. ನಲವತ್ತೆಂಟು, ಹದಿನೆಂಟು, ಹನ್ನೆರಡು ಗಂಟೆಗಳ ವಾಯಿದೆಗಳಲ್ಲಿ ವಿವೇಕಕ್ಕೆ ಅವಕಾಶವು ಉಳಿಯಲಿಲ್ಲ.

ತಿಗುರಿಯೂ ಮನುಷ್ಯನೇ ಮಾಡಿದ ಸಾಧನವೆಂಬುದನ್ನು ಮರೆಯಲಾಗದು. ಆ ಕಾಲಪಟ್ಟಿಗಳನ್ನು ಬರೆದವರೂ, ಬದಲಿ ಯೋಜನೆಯನ್ನು ಕೈಬಿಟ್ಟವರೂ, ಅದನ್ನು ಕೇಳಿ ತಿಳಿದುಕೊಳ್ಳದ ಸಚಿವರೂ ಯುದ್ಧಕ್ಕೆ ವರ್ಷಗಳ ಹಿಂದೆಯೇ ತಮ್ಮ ಮುಂದಿನ ಸ್ವಾತಂತ್ರ್ಯವನ್ನು ಒತ್ತೆಯಿಟ್ಟಿದ್ದರು. ಆದುದರಿಂದ ಈ ಯುದ್ಧವು ವಿಧಿಲಿಖಿತವಾಗಿದ್ದಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಅದನ್ನು ತಡೆಯುವ ಅವಕಾಶವು ಜುಲೈ ೫ರಂದೂ ಇದ್ದಿತು, ೨೭ರಂದೂ ಇದ್ದಿತು. ಆಗಸ್ಟ್ ೧ರ ಸಂಜೆಗೆ ಅದು ಕಳೆದುಹೋಗಿದ್ದಿತು.